ಧರ್ಮಕ್ಕೆ ಕೊಟ್ಟ ದಟ್ಟಿ

‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ’ ಎಂದು ನಮ್ಮ ಹಿರಿಯರು ಆಡಿಕೊಳ್ಳುತ್ತಿದ್ದರು. ಪುಕ್ಕಟೆ ಸಿಕ್ಕಿದ್ದನ್ನು ಅಳೆದು ನೋಡುವುದು ಸಣ್ಣತನ ಎಂದು ಅದರ ಅರ್ಥ. ಈ ಮಾತು ಎಲ್ಲ ಕಡೆಗೂ ಸಲ್ಲುತ್ತದೆಯೇ?

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ತಂಗಿಯ ಮಗ ಬಿಡುವಿನಲ್ಲಿ ಮುಕ್ತ ತಂತ್ರಾಂಶಕ್ಕೆ ದುಡಿಯುತ್ತಾನೆ. ಅದರ ಕೋಡನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಯೊಬ್ಬ ಆರಂಭಿಸಿದ ಲಿನಕ್ಸ್ ಹಾಗೆ ಬೆಳೆದದ್ದು. ಕನ್ನಡದ ‘ಗುಬ್ಬಿ’, ‘ನವಿಲು’ ಅಕ್ಷರಗಳೂ ಅಂಥವೇ. ಯಾರೋ ತಿದ್ದುಪಡಿ ಕಳಿಸಿದರೆ ಹೊಣೆ ಹೊತ್ತವರು ಸಾಲು ಸಾಲಾಗಿ ಓದಿ, ಪರೀಕ್ಷಿಸಿ, ಸರಿಯಿಲ್ಲದಿದ್ದರೆ ಹಿಂದಿರುಗಿಸುತ್ತಾರಂತೆ. ಸಂಬಳವಿಲ್ಲದೆ ದುಡಿದು ತಂದವನಿಗೆ ‘ಇದು ಸಾಲದು’ ಎನ್ನುವುದು ಸಭ್ಯತೆಯೇ ಎಂದು ನಾನು ಕೇಳಿದೆ.

ಕೇಳುವಾಗಲೇ ಕುಮಟೆಯ ಕಡೆಯ ಗಜನಿ ಗದ್ದೆಗಳು ನೆನಪಾದವು. ಅಘನಾಶಿನಿಯ ದಂಡೆಯಲ್ಲಿ ಕಗ್ಗ ಭತ್ತ ಬೆಳೆಯುವ ನೆಲ. ಕಗ್ಗ ಉಪ್ಪನ್ನು ತಾಳುತ್ತದೆ, ಆದರೆ ಅದಕ್ಕೂ ಮಿತಿಯುಂಟು. ಒಡ್ಡಿಗೆ ಮಣ್ಣು ಹಾಕಿದವನು ಎಷ್ಟೇ ಒಳ್ಳೆಯವನಿರಲಿ, ಏಡಿಯ ಬಿಲವೊಂದು ಉಳಿದರೆ ಭರತದ ನೀರು ಅವನ ಗದ್ದೆಗೆ ಮಾತ್ರ ನುಗ್ಗುವುದಿಲ್ಲ. ಅಕ್ಷರದ ತಂತ್ರಾಂಶದಲ್ಲಿ ಒಂದು ಒತ್ತಕ್ಷರದ ನಿಯಮ ತಪ್ಪಿದರೆ ಅದನ್ನು ಬಳಸುವ ಎಲ್ಲರ ಪುಟದಲ್ಲೂ ತಪ್ಪೇ. ಕೊಟ್ಟವನ ಮನಸ್ಸಿನಷ್ಟೇ, ಆ ಕಾಣದ ಓದುಗಳ ಹಿತವೂ ಮುಖ್ಯವಲ್ಲವೇ? ಇಲ್ಲಿ ಮೊಳ ಹಾಕಲೇಬೇಕು. ಹಿತ್ತಲಿಗೆ ಹೋಗಿ ಅಲ್ಲ, ಕೊಟ್ಟವನ ಎದುರಿಗೇ, ಕಾರಣ ಹೇಳಿ. ಕಾರಣ ಬರೆಯದೆ ಕೆಂಪು ಗೆರೆ ಎಳೆದರೆ ಮಗು ಮರುದಿನ ನೋಟ್‌ಬುಕ್ಕನ್ನೇ ತರುವುದಿಲ್ಲ. ಹೊನ್ನಾವರದ ಶಾಲೆಯಲ್ಲಿ ಇದನ್ನು ನಾನು ದಿನವೂ ಕಾಣುತ್ತೇನೆ.

ಆದರೆ ಅಳೆಯುವವರನ್ನು ನೋಡಿಕೊಳ್ಳುವವರು ಯಾರು? ಕಡತಗಳನ್ನು ಅಡಕಗೊಳಿಸುವ ‘ಎಕ್ಸ್‌ಝಡ್’ ಎಂಬ ತಂತ್ರಾಂಶವನ್ನು ಲಾಸ್ಸೆ ಕಾಲಿನ್ ಎಂಬವರು ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ, ಸಂಬಳವಿಲ್ಲದೆ ನೋಡಿಕೊಂಡರು. 2022ರಲ್ಲಿ ಕೆಲಸ ನಿಧಾನವೆಂದು ಅಪರಿಚಿತರು ಅವರನ್ನು ಚುಚ್ಚಿದರು. ತಮ್ಮ ಮನಸ್ಸಿನ ಆರೋಗ್ಯ ಸರಿಯಿಲ್ಲವೆಂದು ಅವರು ಹೇಳಿಕೊಳ್ಳಬೇಕಾಯಿತು. ‘ಜಿಯಾ ತಾನ್’ ಎಂಬ ಹೆಸರಿನವನೊಬ್ಬ ಎರಡು ವರ್ಷಕ್ಕೂ ಮಿಕ್ಕಿ ವಿನಯದಿಂದ ನೆರವಾಗಿ, ನಂಬಿಕೆ ಗಳಿಸಿ, 2024ರಲ್ಲಿ ಅದರೊಳಗೆ ಕಳ್ಳಬಾಗಿಲು ಇಟ್ಟ. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುವುದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಗಮನಿಸಿ ಬೆನ್ನುಹತ್ತಿದ್ದರಿಂದ ಮಾರ್ಚ್ 29ರಂದು ಅದು ಬಯಲಾಯಿತು.

ಅರ್ಧ ಸೆಕೆಂಡು! ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಆ ಚುಚ್ಚುಮಾತುಗಳು. ಬಡಿಸಲು ತಡವಾಯಿತೆಂದು ಗೊಣಗುವವರು ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸಲು ಬರುವುದನ್ನು ನೀವು ಕಂಡಿದ್ದೀರಾ? ಕಲ್ಲು ಸಿಕ್ಕಿದ ದಿನ ಮಾತ್ರ ಆರಿಸಿದವಳ ಹೆಸರು ಮನೆಯೆಲ್ಲ ಕೇಳುತ್ತದೆ.

ತಂಗಿಯ ಮಗ ಈಗ ಶನಿವಾರ ರಾತ್ರಿ ಬೇರೆಯವರ ಕೋಡ್ ಓದಲು ಕೂರುತ್ತಾನೆ. ಅದಕ್ಕೆ ಎಷ್ಟು ಕೊಡುತ್ತಾರೆ ಎಂದು ಅವನ ಅಮ್ಮ ಪ್ರತಿ ಸಲವೂ ಕೇಳುತ್ತಾಳೆ.