ಎರವಲು ಕೋಟು, ಸ್ವಂತ ಮುಖ

ನಿಮ್ಮ ಮನೆಯ ಗೋಡೆಯ ಮೇಲೆ ಹಿರಿಯರ ಹಳೆಯ ಛಾಯಾಚಿತ್ರವೊಂದು ಇರಬಹುದು. ಸ್ಟುಡಿಯೋದ ಪರದೆಯ ಮುಂದೆ ಬಿಗಿಯಾಗಿ ನಿಂತಿರುವ ಅಜ್ಜ ತೊಟ್ಟ ಕೋಟು ಅವರದ್ದೇ ಆಗಿರಲಿಕ್ಕಿಲ್ಲ. ಸ್ಟುಡಿಯೋದ ಗೂಟಕ್ಕೆ ತೂಗುಹಾಕಿದ್ದ, ಊರಿನ ಎಷ್ಟೋ ಗಂಡಸರು ಸರದಿಯಂತೆ ತೊಟ್ಟು ಕಳಚಿದ ಕೋಟು ಅದಾಗಿರಬಹುದು. ಹಾಗಾದರೆ ಆ ಚಿತ್ರ ಸುಳ್ಳು ಹೇಳುತ್ತಿದೆಯೇ? ಪ್ರಿಯ ಓದುಗರೇ, ಮೇಲ್ನೋಟಕ್ಕೆ ಚಿಕ್ಕದೆನಿಸುವ ಈ ಪ್ರಶ್ನೆಯ ಕುರಿತು ನಿಮ್ಮೊಡನೆ ಸ್ವಲ್ಪ ಹೊತ್ತು ಚಿಂತಿಸಬೇಕೆಂದಿದ್ದೇನೆ.

ಪಶ್ಚಿಮ ಆಫ್ರಿಕಾದ ಮಾಲಿ ದೇಶದ ರಾಜಧಾನಿ ಬಮಾಕೋದಲ್ಲಿ ಸೆಯ್ದು ಕೇಯಿತಾ ಎಂಬ ಛಾಯಾಗ್ರಾಹಕರಿದ್ದರು. ಮರಗೆಲಸ ಕಲಿಯುತ್ತಿದ್ದ ಅವರಿಗೆ 1935ರಲ್ಲಿ ಬಂಧುವೊಬ್ಬರು ಪುಟ್ಟ ಕೊಡಕ್ ಬ್ರೌನಿ ಕ್ಯಾಮರಾ ತಂದುಕೊಟ್ಟರು. ಆ ನಾಡು ಇನ್ನೂ ಫ್ರೆಂಚರ ಆಳ್ವಿಕೆಯಲ್ಲಿದ್ದ 1948ರಲ್ಲಿ ಅವರು ಸ್ವಂತ ಸ್ಟುಡಿಯೋ ತೆರೆದರು. ಅವರ ಸಲಕರಣೆಗಳಾದರೂ ಎಷ್ಟು? ಒಂದು ದೊಡ್ಡ ಕ್ಯಾಮರಾ, ಅಂಗಳದ ಹಗಲು ಬೆಳಕು, ಹಿನ್ನೆಲೆಗೆ ತಮ್ಮದೇ ಮಂಚದ ಹೊದಿಕೆ. ಫಿಲ್ಮು ದುಬಾರಿಯಾದ್ದರಿಂದ ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಚಿತ್ರ. ಹಾಗಾಗಿ ತಲೆಯ ವಾಲು, ಕೈಯ ನಿಲುವು, ಸೆರಗಿನ ಮಡಿಕೆ ಎಲ್ಲವನ್ನೂ ಮೊದಲೇ ಸರಿಪಡಿಸುತ್ತಿದ್ದರು. ಬಂದವರು ಬಳಸಲೆಂದೇ ಸೂಟು, ಕೈಗಡಿಯಾರ, ಪೆನ್ನು, ರೇಡಿಯೋಗಳನ್ನು ಇಟ್ಟಿದ್ದರು.

ಎರವಲು ಗಡಿಯಾರ ಕಟ್ಟಿಕೊಂಡು ನಿಂತ ಯುವಕ ಯಾರನ್ನೂ ವಂಚಿಸಲಿಲ್ಲ. ಅದು ಸ್ಟುಡಿಯೋದ ಗಡಿಯಾರವೆಂದು ನೆರೆಹೊರೆಗೆ ತಿಳಿದೇ ಇತ್ತು. ಪರರ ಆಳ್ವಿಕೆಯಲ್ಲಿ ಬದುಕುತ್ತಿದ್ದ ಆತ, “ನಾನೂ ಇದಕ್ಕೆ ಯೋಗ್ಯನೇ” ಎಂದು ಮೌನವಾಗಿ ಸಾರುತ್ತಿದ್ದ. 1994ರಲ್ಲಿ ಈ ಚಿತ್ರಗಳು ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡವು. ಇಂದು ಅವುಗಳನ್ನು ನೋಡುವವರ ಕಣ್ಣು ಗಡಿಯಾರದ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ತಲೆಯೆತ್ತಿ ನಮ್ಮನ್ನೇ ದಿಟ್ಟಿಸುವ ಆ ಕಪ್ಪು ಮುಖಗಳ ಮೇಲೆ ನಿಲ್ಲುತ್ತದೆ.

ಈಗ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದಿಡುತ್ತೇನೆ. ತಾಯಿಯವರು ತೀರಿಕೊಂಡಾಗ ಅವರ ಸಣ್ಣ ಚಿತ್ರವೊಂದನ್ನು ದೊಡ್ಡದು ಮಾಡಿಸಲು ಸ್ಟುಡಿಯೋ ಒಂದಕ್ಕೆ ಕೊಟ್ಟೆ. ಚೌಕಟ್ಟು ಹಾಕಿಸಿ ಮನೆಗೆ ತಂದಾಗ, ಗದ್ದೆಯ ಬಿಸಿಲಿನಲ್ಲಿ ದುಡಿದ ಆ ಕಪ್ಪು ಮುಖ ಗೋಧಿಬಣ್ಣಕ್ಕೆ ತಿರುಗಿತ್ತು. ಸುಕ್ಕುಗಳು ಮಾಯವಾಗಿದ್ದವು. ನನ್ನ ಮಗಳು ಬಹಳ ಹೊತ್ತು ನೋಡಿ, “ಅಜ್ಜಿಯ ಹಣೆಯ ಮೇಲಿನ ಗಾಯದ ಗುರುತು ಎಲ್ಲಿ ಹೋಯಿತು?” ಎಂದು ಕೇಳಿದಳು. ಕೋಪದಿಂದ ಸ್ಟುಡಿಯೋದವರನ್ನು ಬೈಯಲು ಹೊರಟವನಿಗೆ ನನ್ನ ಮಾತೇ ನೆನಪಾಯಿತು. “ಸ್ವಲ್ಪ ಬೆಳ್ಳಗೆ, ಚೆನ್ನಾಗಿ ಕಾಣುವ ಹಾಗೆ ಮಾಡಿ” ಎಂದವನು ನಾನೇ ಅಲ್ಲವೇ?

ಎರವಲು ಕೋಟಿಗೂ ಬಿಳುಪಾಗಿಸಿದ ಮುಖಕ್ಕೂ ಇರುವ ಅಂತರ ನನಗೆ ಅಂದು ಅರ್ಥವಾಯಿತು. ಕೋಟು ಆ ವ್ಯಕ್ತಿಯ ಘನತೆಗೆ ಏನನ್ನೋ ಸೇರಿಸುತ್ತದೆ. ಬಿಳುಪಾಗಿಸಿದ ಮುಖವಾದರೋ, “ನೀನು ಇದ್ದ ಹಾಗೆ ನಮಗೆ ಸಾಲದು” ಎನ್ನುತ್ತದೆ. ಜೀವನವಿಡೀ ನಮಗಾಗಿ ಬಿಸಿಲುಂಡ ತಾಯಿಗೆ ಸತ್ತ ಮೇಲೆ ನಾನು ಹೇಳಿದ್ದು ಇದೇ ಮಾತು.

ಕಪ್ಪು ಮುಖ ಚಿತ್ರದಲ್ಲಿ ಸರಿಯಾಗಿ ಬರುವುದಿಲ್ಲವೆಂದು ಅನೇಕರು ಹೇಳುವುದುಂಟು. ಆದರೆ ಬಹುಪಾಲು ದೋಷ ಬೆಳಕಿನ ಅಳತೆಯಲ್ಲಿರುತ್ತದೆ. ಬಿಳಿಗೋಡೆಯ ಮುಂದೆ ಕಪ್ಪು ಮೈಬಣ್ಣದವರನ್ನು ನಿಲ್ಲಿಸಿದರೆ, ಗೋಡೆಯ ಹೊಳಪನ್ನೇ ಲೆಕ್ಕಕ್ಕೆ ಹಿಡಿದ ಕ್ಯಾಮರಾ ಬೆಳಕನ್ನು ಕಡಿತಗೊಳಿಸುತ್ತದೆ. ಮುಖ ಕತ್ತಲಲ್ಲಿ ಮುಳುಗುತ್ತದೆ. ಪರಿಹಾರ ಸುಲಭ. ಹಿಂದೆ ಗಾಢಬಣ್ಣದ ಹೊದಿಕೆಯೊಂದನ್ನು ಇಳಿಬಿಡಿ. ನೇರ ಬಿಸಿಲು ಬೀಳದ ಕಿಟಕಿಯ ಕಡೆಗೆ ಮುಖ ತುಸು ತಿರುಗಲಿ. ಮತ್ತೊಂದು ಬದಿಯಲ್ಲಿ ಬಿಳಿ ಪಂಚೆ ಹಿಡಿದರೆ ನೆರಳು ಮೃದುವಾಗುತ್ತದೆ. ತೀರಾ ಹತ್ತಿರ ಹೋದರೆ ಮೂಗು ದೊಡ್ಡದಾಗಿ ಕಾಣುವುದರಿಂದ ಐದಾರು ಅಡಿ ದೂರ ನಿಲ್ಲಿ. ಆಮೇಲೆ ಆತುರಪಡದೆ, ಅವರ ಉಸಿರು ಸಹಜವಾಗುವವರೆಗೆ ಕಾಯಿರಿ.

ಇಂದು ಎಷ್ಟೋ ಮೊಬೈಲುಗಳು ನಾವು ಕೇಳದೆಯೇ ಚರ್ಮವನ್ನು ನುಣುಪಾಗಿಸುತ್ತವೆ, ಬಿಳುಪಾಗಿಸುತ್ತವೆ. ಮದುವೆಯ ಪ್ರಸ್ತಾಪಕ್ಕೆಂದು ಮಗಳ ಚಿತ್ರ ಕಳುಹಿಸುವಾಗ ಆ ಬಿಳುಪು ನಮಗೆ ಹಿತವೆನಿಸಬಹುದು. ಆದರೆ ಆ ಚಿತ್ರವನ್ನು ಮೊದಲು ನೋಡುವವಳು ನಿಮ್ಮ ಮಗಳೇ. ತನ್ನ ಮನೆಯವರಿಗೆ ತನ್ನ ಮುಖ ಸಾಲಲಿಲ್ಲವೆಂಬುದನ್ನು ಅವಳು ಅದರಲ್ಲಿ ಓದಿಕೊಳ್ಳುತ್ತಾಳೆ. ಅವಳಿಗೆ ಒಳ್ಳೆಯ ಸೀರೆ ಉಡಿಸಿ, ಬೇಕಾದರೆ ಅಕ್ಕನ ಸರವನ್ನೂ ಎರವಲು ತಂದು ತೊಡಿಸಿ, ಕಿಟಕಿಯ ಬೆಳಕಿಗೆ ಕರೆತನ್ನಿ. ಮುಖ ಮಾತ್ರ ಅವಳದ್ದೇ ಇರಲಿ.

ನಮ್ಮ ಮನೆಯ ಆ ದೊಡ್ಡ ಚಿತ್ರವನ್ನು ನಾನು ಗೋಡೆಯಿಂದ ಇಳಿಸಿದೆ. ಅದರ ಜಾಗದಲ್ಲಿ ಈಗ ಹಳೆಯ ಸಣ್ಣ ಚಿತ್ರವೇ ಇದೆ. ಹತ್ತಿರ ಹೋಗಿ ನೋಡಿದರೆ ಮಾತ್ರ ಹಣೆಯ ಗಾಯದ ಗುರುತು ಕಾಣುತ್ತದೆ. ಮಗಳು ಹತ್ತಿರ ಹೋಗಿಯೇ ನೋಡುತ್ತಾಳೆ.