ಸರದಿ ಯಾರದು?

ಹೋದ ಬೇಸಿಗೆಯಲ್ಲಿ ಮನೆಯಲ್ಲೊಂದು ಆರ್ಕೇಡ್ ಪೆಟ್ಟಿಗೆ ಮಾಡಿದೆ. ಹಿಂದೆ ಪೇಟೆಯ ವಿಡಿಯೋ ಗೇಮ್ ಅಂಗಡಿಗಳಲ್ಲಿ ಆಳೆತ್ತರದ ಮರದ ಪೆಟ್ಟಿಗೆಗಳ ಮುಂದೆ ನಿಂತು ಆಡುತ್ತಿದ್ದೆವಲ್ಲ, ಅದರದೇ ಒಂದು ಮರಿ. ಪ್ಲೈವುಡ್ಡು, ಪರದೆ, ಜಾಯ್‌ಸ್ಟಿಕ್ಕು ಎಲ್ಲ ಸೇರಿಸಿ ವೈರು ಜೋಡಿಸುತ್ತ ಬಂದಾಗ ಕೊನೆಗೆ ಒಂದು ಬಟನ್ ಕೈಯಲ್ಲಿ ಉಳಿಯಿತು. ಅದು ನಾಣ್ಯದ ಬಟನ್. ಅದನ್ನು ಜೋಡಿಸಬೇಕೋ ಬೇಡವೋ ಎನ್ನುವುದು ಎರಡು ನಿಮಿಷದಲ್ಲಿ ತೀರ್ಮಾನವಾಗಬೇಕಾದ ವಿಷಯ. ನನಗೆ ಅದು ಇಡೀ ಬೇಸಿಗೆ ಹಿಡಿಯಿತು.

ಮೊದಲು ಜಾಗದ ಕತೆ ಹೇಳಬೇಕು. ನಮ್ಮದು ಎರಡು ಕೋಣೆಯ ಫ್ಲ್ಯಾಟು. ಖಾಲಿ ಇದ್ದದ್ದು ಹಾಲಿನ ಒಂದು ಮೂಲೆ, ಅಲ್ಲಿ ಅಮ್ಮನ ಹೊಲಿಗೆ ಯಂತ್ರ. ಯಂತ್ರವನ್ನು ಒಳಗೆ ಮಡಚಿದರೆ ಮೇಲೆ ಸಪಾಟಾದ ಹಲಗೆ. 'ಅದರ ಮೇಲೆ ಇಟ್ಕೊಳ್ಲಾ?' ಎಂದು ಕೇಳಿದೆ. ಅಮ್ಮ ಸ್ವಲ್ಪ ಯೋಚಿಸಿ, 'ಇಟ್ಕೊ. ಆದ್ರೆ ನಾನು ಹೊಲಿಯೋಕೆ ಕೂತಾಗ ನೀನೊಬ್ಬನೇ ಅದನ್ನ ಎತ್ತಿಡೋ ಹಾಗಿರ್ಬೇಕು' ಅಂದಳು. ಪೆಟ್ಟಿಗೆಯ ಆಕಾರವನ್ನು ನಿರ್ಧರಿಸಿದ್ದು ಈ ಒಂದು ಮಾತು. ಒಂದೂಕಾಲು ಅಡಿ ಅಗಲ, ಎರಡಡಿ ಎತ್ತರ. ಪಕ್ಕಗಳಿಗೆ 12 ಮಿಲಿಮೀಟರಿನ ಪ್ಲೈ, ಹಿಂಬದಿಗೆ ಇನ್ನೂ ತೆಳುವಾದದ್ದು. ಎಸ್.ಪಿ. ರಸ್ತೆಯಲ್ಲಿ ಸಿಕ್ಕಿದ ಹಳೆಯ ಚೌಕಾಕಾರದ 19 ಇಂಚಿನ ಮಾನಿಟರನ್ನು ಉದ್ದಕ್ಕೆ ನಿಲ್ಲಿಸಿದೆ. ಪ್ಯಾಕ್-ಮ್ಯಾನ್ ಆಟದ ಚಿತ್ರ ಅಡ್ಡಕ್ಕೆ 224, ಉದ್ದಕ್ಕೆ 288 ಚುಕ್ಕಿಗಳದು. ಅದು ನಿಂತ ಪರದೆಗೆಂದೇ ಮಾಡಿದ ಆಟ.

ನನ್ನಲ್ಲಿದ್ದ ಹತ್ಯಾರಗಳು ಒಂದು ಕೈಗರಗಸ, ಒಂದು ಡ್ರಿಲ್ಲು, ಒಂದು ಸ್ಕ್ರೂಡ್ರೈವರು. ಉದ್ದನೆಯ ನೇರ ಗೆರೆಗಳನ್ನು ಪ್ಲೈವುಡ್ ಅಂಗಡಿಯವರೇ ಕೊಯ್ದುಕೊಟ್ಟರು. ಹಳೆಯ ಪೆಟ್ಟಿಗೆಗಳ ಪಕ್ಕದಲ್ಲಿ ಕಾಣುತ್ತಿದ್ದ ಚಂದದ ಬಳುಕು ನನ್ನ ಗರಗಸಕ್ಕೆ ಬರುವಂಥದ್ದಲ್ಲ. ಹಾಗಾಗಿ ನನ್ನ ಪೆಟ್ಟಿಗೆಗೆ ಇರುವುದೆಲ್ಲ ನೇರ ಅಂಚುಗಳೇ. ಬಟನ್ನಿನ ತೂತು ಕೊರೆಯುವ ಸದ್ದಿಗೆ ಕೆಳಮನೆಯ ಕೂಸು ಎದ್ದೀತೆಂದು ಬೆಳಗ್ಗೆ ಹನ್ನೊಂದರ ಮೇಲೆ ಮಾತ್ರ ಡ್ರಿಲ್ಲು. ಕೆಲಸ ನಿಧಾನವಾಯಿತು, ಆದರೆ ಇಷ್ಟೆಲ್ಲ ಕಟ್ಟುಪಾಡುಗಳಲ್ಲಿ ಒಂದೂ ನನ್ನನ್ನು ಕುಗ್ಗಿಸಲಿಲ್ಲ ಎನ್ನುವುದನ್ನು ಇಲ್ಲಿ ಗುರುತು ಹಾಕಿಡುತ್ತೇನೆ. ಮುಂದೆ ಬೇಕಾಗುತ್ತದೆ.

ಒಳಗಿರುವುದು ಅಂಗೈಯಷ್ಟು ದೊಡ್ಡ ಕಂಪ್ಯೂಟರು, ಅದರಲ್ಲಿ ಮೇಮ್ ಎಂಬ ತಂತ್ರಾಂಶ. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಹೊರತಂದದ್ದು. ಹಳೆಯ ಆರ್ಕೇಡ್ ಯಂತ್ರಗಳ ಒಳಗಿನ ವಿದ್ಯುತ್ ಮಂಡಲ ಹೇಗೆ ನಡೆದುಕೊಳ್ಳುತ್ತಿತ್ತೋ ಹಾಗೆಯೇ ನಡೆದುಕೊಳ್ಳುವುದು ಅದರ ಕೆಲಸ. ಅದು ಎಷ್ಟು ನಿಷ್ಠೆಯ ಅನುಕರಣೆ ಎಂದರೆ ನಾಣ್ಯವನ್ನೂ ಬಿಟ್ಟಿಲ್ಲ. ಕೀಲಿಮಣೆಯಲ್ಲಿ 5 ಒತ್ತಿದರೆ ನಾಣ್ಯ ಬಿದ್ದಂತೆ, 1 ಒತ್ತಿದರೆ ಆಟ ಶುರು. ನಾಣ್ಯ ಬೀಳದೆ ಆಟ ಶುರುವಾಗದು. 5ಕ್ಕೆ ಒಂದು ಬಟನ್ ಜೋಡಿಸಿದರೆ ಮನೆಯಲ್ಲಿ ಮುಗಿಯದ ಹಣದ ಚೀಲ ಇಟ್ಟುಕೊಂಡ ಹಾಗೆ.

ಈ ಆಟಗಳು ನಾಣ್ಯದಿಂದಲೇ ಹುಟ್ಟಿದವು. 1972ರಲ್ಲಿ ಅಟಾರಿ ಕಂಪನಿ ತನ್ನ ಮೊದಲ ಪಾಂಗ್ ಯಂತ್ರವನ್ನು ಕ್ಯಾಲಿಫೋರ್ನಿಯಾದ ಒಂದು ಹೆಂಡದಂಗಡಿಯಲ್ಲಿಟ್ಟಿತು. ಕೆಲ ದಿನಕ್ಕೇ ಯಂತ್ರ ಕೆಟ್ಟಿದೆ ಎಂದು ಕರೆ ಬಂತು. ಅದನ್ನು ಮಾಡಿದ ಆಲ್ಕಾರ್ನ್ ಹೋಗಿ ತೆರೆದು ನೋಡಿದರೆ, ಕೆಟ್ಟಿರಲಿಲ್ಲ. ನಾಣ್ಯ ತುಂಬಿ ಕಟ್ಟಿಕೊಂಡಿತ್ತು. ಆಮೇಲೆ ಬಂದ ಆಟಗಳು ನಾಣ್ಯ ಕೇಳುವುದನ್ನೇ ಕಲೆ ಮಾಡಿಕೊಂಡವು. 1985ರ ಗಾಂಟ್ಲೆಟ್ ಆಟದಲ್ಲಿ ಸುಮ್ಮನೆ ನಿಂತಿದ್ದರೂ ನಿಮ್ಮ ಆಯಸ್ಸು ಕ್ಷಣಕ್ಷಣಕ್ಕೂ ಇಳಿಯುತ್ತಿರುತ್ತದೆ. ನಾಣ್ಯ ಹಾಕಿದರೆ ಏರುತ್ತದೆ. ಆ ದಿನಗಳ ಬೇರೆ ಆಟಗಳು ಸೋತವನೆದುರು ಒಂಬತ್ತು, ಎಂಟು, ಏಳು ಎಂದು ಎಣಿಸುತ್ತ, ಜೇಬಿಗೆ ಕೈ ಹಾಕುತ್ತಾನೋ ಇಲ್ಲವೋ ಎಂದು ಕಾಯುತ್ತಿದ್ದವು.

ನಾನು ಬಟನ್ ಜೋಡಿಸಿಬಿಟ್ಟೆ. ಮಗಳು ಮೊದಲ ದಿನವೇ ಅದನ್ನು ಟಿಕ್ ಟಿಕ್ ಎಂದು ಮೂವತ್ತು ಸಲ ಒತ್ತಿ, ಮೂವತ್ತು ಆಟದ ಒಡತಿಯಾಗಿ ಆಡಲು ನಿಂತಳು. ಭೂತ ಹಿಡಿದರೆ ನಗು, ಮತ್ತೆ ಹಿಡಿದರೆ ಆಕಳಿಕೆ. ಅರ್ಧ ಗಂಟೆಗೆ ಆಟ ಹಳತಾಯಿತು. ನನ್ನೊಳಗಿನ ಉಪದೇಶಕ ಎದ್ದು ಕೂತ. ನೋಡು, ಕೊರತೆಯಿಂದಲೇ ಬೆಲೆ, ನಮ್ಮ ಕಾಲದಲ್ಲಿ ಒಂದು ರೂಪಾಯಿಗೆ ಮೂರು ಪ್ರಾಣ, ಪ್ರತಿ ತಿರುವಿನಲ್ಲೂ ಎದೆ ಢವಢವ. ಬಟನ್ ಕಿತ್ತು, ದಿನಕ್ಕೆ ಒಂದೇ ನಾಣ್ಯ ಎಂದು ನಿಯಮ ಮಾಡೋಣವೆನ್ನಿಸಿತು.

ಆದರೆ ನಮ್ಮ ಕಾಲ ಎನ್ನುವಾಗ ನಾನು ಒಬ್ಬನನ್ನು ಬಿಟ್ಟು ಹೇಳುತ್ತಿದ್ದೆ.

ಮೈಸೂರಿನಲ್ಲಿ ನಾನು ಏಳನೆಯ ತರಗತಿಯಲ್ಲಿದ್ದಾಗ ನನ್ನ ಜೊತೆ ಗೇಮ್ ಅಂಗಡಿಗೆ ಒಬ್ಬ ಗೆಳೆಯ ಬರುತ್ತಿದ್ದ. ಅವನ ಹತ್ತಿರ ಯಾವತ್ತೂ ಕಾಸಿರುತ್ತಿರಲಿಲ್ಲ. ನನ್ನ ಭುಜದ ಹಿಂದೆ ನಿಂತು ನೋಡುತ್ತಿದ್ದ, ಅಷ್ಟೆ. ನೋಡಿ ನೋಡಿಯೇ ಅವನಿಗೆ ಒಂದು ಗುಟ್ಟು ಗೊತ್ತಾಯಿತು: ಪ್ಯಾಕ್-ಮ್ಯಾನ್‌ನ ನಾಲ್ಕು ಭೂತಗಳು ಮನಸ್ಸಿಗೆ ಬಂದಂತೆ ಓಡುವುದಿಲ್ಲ. ನೀವು ಪ್ರತಿ ಸಲ ಅದೇ ಹೊತ್ತಿಗೆ ಅದೇ ತಿರುವು ತೆಗೆದುಕೊಂಡರೆ ಅವೂ ಪ್ರತಿ ಸಲ ಅದೇ ದಾರಿ ಹಿಡಿಯುತ್ತವೆ. ಆ ಆಟ ಹಾಗೆಯೇ ಮಾಡಿದ್ದು. 1980ರಲ್ಲಿ ಅದನ್ನು ರೂಪಿಸಿದ ತೋರು ಇವಾಟಾನಿ ಒಂದೊಂದು ಭೂತಕ್ಕೂ ಒಂದೊಂದು ಸ್ವಭಾವ ಕೊಟ್ಟಿದ್ದರೆಂದು ಬಹಳ ವರ್ಷದ ಮೇಲೆ ಓದಿ ತಿಳಿದೆ. ಅವನು ಓದದೆಯೇ ಕಂಡುಕೊಂಡಿದ್ದ. ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ದಾರಿ ಬರೆದು ತಂದ. 'ಲೋ, ಇದರಂಗೆ ಆಡು. ಆದ್ರೆ ಮೂರನೇ ಪ್ರಾಣ ನಂಗೆ' ಅಂದ. ಆಯ್ತು ಅಂದೆ.

ಅವನ ದಾರಿ ಹಿಡಿದು ಅವತ್ತು ನಾನು ಯಾವತ್ತೂ ಮುಟ್ಟದ ಹಂತ ಮುಟ್ಟಿದೆ. ಮೂರನೇ ಪ್ರಾಣ ಬಂದಾಗ ಸುತ್ತ ಆರೇಳು ಹುಡುಗರು ಸೇರಿದ್ದರು. ಜಾಯ್‌ಸ್ಟಿಕ್ಕು ಬಿಡಲಿಲ್ಲ. ಕಾಸು ನನ್ನದು ಎಂದು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೇ ಇರಲಿಲ್ಲ. ಅವನೂ ಕೇಳಲಿಲ್ಲ. ಮಾರನೆಯ ದಿನದಿಂದ ಅವನು ಅಂಗಡಿಗೆ ಬರಲಿಲ್ಲ.

ಕೊರತೆಯೇ ಬೆಲೆ ಕೊಡುತ್ತದೆ ಎಂಬ ಮಾತನ್ನು ಈ ಹುಡುಗನ ಎದುರು ನಿಂತು ಹೇಳಬಲ್ಲೆನೇ? ನನಗೆ ಎದೆ ಢವಢವ ಕೊಟ್ಟ ಅದೇ ಒಂದು ರೂಪಾಯಿ ಅವನಿಗೆ ಕೊಟ್ಟದ್ದು ಭುಜದ ಹಿಂದಿನ ಜಾಗ. ಕೊರತೆಯನ್ನು ಹೊಗಳುವವರು ಸಾಮಾನ್ಯವಾಗಿ ಒಂದು ನಾಣ್ಯವಾದರೂ ಇದ್ದವರೇ. ಹಾಗೆಂದು ಅರ್ಧ ಗಂಟೆಯ ಆಕಳಿಕೆ ಸುಳ್ಳಲ್ಲವಲ್ಲ. ಮಿತಿ ಪೂರ್ತಿ ಹೋದರೆ ಆಟವೂ ಹೋಗುತ್ತದೆ.

ಹಾಗಾದರೆ ಮಿತಿ ಮಿತಿಗೂ ವ್ಯತ್ಯಾಸವಿದೆ. ಪ್ಲೈಯ ತೂಕ, ಗರಗಸದ ಸೋಲು, ಕೂಸಿನ ನಿದ್ದೆ, ಅಮ್ಮನ ಹೊಲಿಗೆ, ಇವೆಲ್ಲ ನನಗೆ ಮಿತಿಗಳೇ ಆಗಿದ್ದವು, ಒಂದೂ ನನ್ನನ್ನು ಕುಗ್ಗಿಸಲಿಲ್ಲ ಎಂದು ಮೊದಲೇ ಹೇಳಿದೆ. ಏಕೆಂದರೆ ಅವು ವಸ್ತುವಿನಿಂದ ಬಂದವು, ಇಲ್ಲವೇ ನನ್ನಷ್ಟೇ ಹಕ್ಕಿರುವ ಇನ್ನೊಬ್ಬರಿಂದ ಬಂದವು. ಜೇಬಿನ ಮಿತಿ ಹಾಗಲ್ಲ. ಅದು ಇಬ್ಬರು ಗೆಳೆಯರಲ್ಲಿ ಒಬ್ಬನಿಗೆ ಮಾತ್ರ ಅನ್ವಯಿಸುತ್ತದೆ.

ನಾಣ್ಯಕ್ಕೆ ಇನ್ನೊಂದು ಕೆಲಸವೂ ಇತ್ತು. ಅಮೆರಿಕದ ಆರ್ಕೇಡುಗಳಲ್ಲಿ ಮುಂದೆ ಆಡಬೇಕಾದವರು ತಮ್ಮ ನಾಣ್ಯವನ್ನು ಪರದೆಯ ಕೆಳ ಅಂಚಿನಲ್ಲಿ ಇಟ್ಟು ನಿಲ್ಲುವ ರೂಢಿ ಇತ್ತು. ಅಲ್ಲಿರುವ ನಾಣ್ಯ ಬೆಲೆಯಲ್ಲ, ಸರದಿ. ನನ್ನ ನಂತರ ಇನ್ನೊಬ್ಬರಿದ್ದಾರೆ ಎಂಬ ನೆನಪು. ಬೆಲೆಯನ್ನು ತೆಗೆದುಹಾಕಬಹುದು, ಬಟನ್ ಆ ಕೆಲಸ ಮಾಡುತ್ತದೆ. ಸರದಿಯನ್ನು ತೆಗೆದುಹಾಕಲಾಗದು. ನನ್ನ ಮಗಳ ಬೇಸರ ನಾಣ್ಯ ಅಗ್ಗವಾದದ್ದರಿಂದ ಬಂದದ್ದಲ್ಲ, ಹಿಂದೆ ಯಾರೂ ಕಾಯುತ್ತಿರಲಿಲ್ಲವಾದ್ದರಿಂದ ಬಂದದ್ದು ಎಂದು ನನ್ನ ಅನುಮಾನ. ಪಕ್ಕದ ಮನೆಯ ಮಕ್ಕಳಿಬ್ಬರು ಬಂದ ಭಾನುವಾರ ಅದು ಗಟ್ಟಿಯಾಯಿತು. ಅಷ್ಟೇ ಪುಕ್ಕಟೆ ನಾಣ್ಯ, ಆದರೆ ಮೂರು ಪ್ರಾಣ ಮುಗಿದರೆ ಇನ್ನೊಬ್ಬರು ನಿಲ್ಲಬೇಕು. ಎರಡು ಗಂಟೆ ಯಾರೂ ಕದಲಲಿಲ್ಲ.

ಇನ್ನೊಂದು ಸಾಲದ ಮಾತೂ ಇದೆ. ಮೇಮ್ ಉಚಿತ, ಆಟಗಳು ಹಾಗಲ್ಲ, ಅವುಗಳ ಹಕ್ಕು ಇವತ್ತಿಗೂ ಕಂಪನಿಗಳದು. ಮೊದಲ ದಿನದ ಆತುರದಲ್ಲಿ ಪ್ಯಾಕ್-ಮ್ಯಾನ್‌ನ ಪ್ರತಿಯನ್ನು ಸುಮ್ಮನೆ ಇಳಿಸಿಕೊಂಡೆ. ಆಮೇಲೆ ಮನಸ್ಸು ಚುಚ್ಚಿ ಅದೇ ಕಂಪನಿ ಮಾರುವ ಆಟದ ಸಂಗ್ರಹವೊಂದನ್ನು ದುಡ್ಡು ಕೊಟ್ಟು ತೆಗೆದುಕೊಂಡೆ. ಕಾನೂನು ಈ ಲೆಕ್ಕವನ್ನು ಒಪ್ಪಲಿಕ್ಕಿಲ್ಲ, ಆದರೂ ಹಣದ ಸಾಲಕ್ಕೆ ಹಣದ ದಾರಿಯಾದರೂ ಇದೆ. ಮೂರನೇ ಪ್ರಾಣದ ಸಾಲಕ್ಕೆ ಅದೂ ಇಲ್ಲ. ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಅವನ ದಾರಿಯನ್ನು ಆಡಿ ನೋಡಿದೆ. ಬೆರಳಿಗೆ ಅರ್ಧಂಬರ್ಧ ನೆನಪಿತ್ತು. ನಾಲ್ಕನೇ ಸಲಕ್ಕೆ ಮೊದಲ ಹಂತ ಪೂರ್ತಿ ಹಾಗೆಯೇ ಸಾಗಿತು. ಭೂತಗಳು ಅವನು ಹೇಳಿದ ಕಡೆಯೇ ತಿರುಗಿದವು. ಇಷ್ಟು ವರ್ಷದ ಮೇಲೂ ಅವನ ಲೆಕ್ಕ ಸರಿಯಾಗಿತ್ತು. ಮೂರನೇ ಪ್ರಾಣ ಬಂದಾಗ ಕೈ ತೆಗೆದೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ, ಭೂತ ಬಂದು ಹಿಡಿಯಿತು, ಅಷ್ಟೆ. ತಪ್ಪು ತಿದ್ದಿಕೊಂಡೆ ಎಂದು ಹೇಳಿಕೊಳ್ಳಲು ಅವನೇ ಅಲ್ಲಿ ನಿಂತಿರಬೇಕಿತ್ತು.

ನಾಣ್ಯದ ಬಟನ್ ಇನ್ನೂ ಇದೆ, ಯಾರು ಬೇಕಾದರೂ ಒತ್ತಬಹುದು. ಮೂರು ಪ್ರಾಣ ಮುಗಿದ ಮೇಲೆ ಪಕ್ಕದವರನ್ನು ಕೇಳಬೇಕು, ಅಷ್ಟೇ ನಿಯಮ. ಮಂಗಳವಾರ ಮತ್ತು ಶುಕ್ರವಾರ ಅಮ್ಮ ಹೊಲಿಯಲು ಕೂರುತ್ತಾಳೆ. ಆಗ ಪೆಟ್ಟಿಗೆಯನ್ನು ಎತ್ತಿ ಮಂಚದ ಪಕ್ಕಕ್ಕಿಡುತ್ತೇನೆ. ಆಟ ನಡುವಿನಲ್ಲಿದ್ದರೂ ಮಗಳು ಗೊಣಗುವುದಿಲ್ಲ. 'ಅಜ್ಜಿ ಸರದಿ' ಎನ್ನುತ್ತಾಳೆ.