ಚಕ್ರದ ಬೇನೆ, ಕಾಯದ ಬೇನೆ

ನಮ್ಮ ಮಠದ ಪ್ರಸಾದನಿಲಯದಲ್ಲಿ ಓದಿ ಈಗ ಉಪಾಧ್ಯಾಯ ವೃತ್ತಿಯಲ್ಲಿರುವ ಇಬ್ಬರು ಗೆಳೆಯರು ಕಳೆದ ಬೇಸಿಗೆಯ ರಜೆಯಲ್ಲಿ ಧಾರವಾಡದಿಂದ ಬಸವಕಲ್ಯಾಣಕ್ಕೆ ಸೈಕಲ್ಲಿನ ಮೇಲೆ ಹೊರಟರು. ಕೂಡಲಸಂಗಮ, ಬಸವನ ಬಾಗೇವಾಡಿ, ಸಿಂದಗಿ, ಜೇವರ್ಗಿ, ಕಲಬುರಗಿ ಹೀಗೆ ದಾರಿ. ಬಸವ ಜಯಂತಿಯ ದಿನ ಕಲ್ಯಾಣದಲ್ಲಿರಬೇಕೆಂಬುದು ಸಂಕಲ್ಪ. ಯಾರ ಸಹಾಯವನ್ನೂ ಬೇಡದೆ ಸೈಕಲ್ಲಿನ ದುರಸ್ತಿಯನ್ನು ಸಹ ತಾವೇ ಮಾಡಿಕೊಳ್ಳಬೇಕೆಂಬುದು ಅದಕ್ಕೆ ಸೇರಿದ ನಿಯಮ. ಸಿಂದಗಿ ದಾಟಿದ ಮೇಲೆ ಒಬ್ಬರಿಗೆ ವಾಂತಿಭೇದಿ ಹಿಡಿಯಿತು. ಐದು ಪಂಕ್ಚರುಗಳಿಗೆ ಸೋಲದವರು ಒಂದು ಹೊಟ್ಟೆನೋವಿಗೆ ಸೋಲುವುದೇ ಎಂದು ಅವರು ಉರಿಬಿಸಿಲಿನಲ್ಲಿಯೇ ಮುಂದೆ ತುಳಿದರು. ಕೆಲವು ಮೈಲಿ ಹೋಗುವಷ್ಟರಲ್ಲಿ ರಸ್ತೆಯ ಬದಿಗೆ ಉರುಳಿದರು. ಹೊಲದ ಮನೆಯೊಂದರ ರೈತ ದಂಪತಿಗಳು ಅವರನ್ನು ಎತ್ತಿ ಒಯ್ದು, ವೈದ್ಯರಲ್ಲಿಗೆ ಮುಟ್ಟಿಸಿ, ನಾಲ್ಕು ದಿನ ಗಂಜಿ ಕಾಯಿಸಿ ಹಾಕಿದರು. ಜಯಂತಿ ಅಲ್ಲಿಯೇ ಕಳೆಯಿತು.

ನಮ್ಮಲ್ಲಿಗೆ ಬಂದಾಗ ಅವರ ಮುಖ ಬಾಡಿತ್ತು. "ಅಪ್ಪಾವರೇ, ವ್ರತ ಕೆಟ್ಟಿತೇ? ಕಲ್ಯಾಣ ಮುಟ್ಟಲಿಲ್ಲವೆಂಬ ದುಃಖಕ್ಕಿಂತ, ದುಡಿದು ತಿನ್ನುವ ಆ ಬಡವರ ಋಣ ಹೊತ್ತೆನಲ್ಲ ಎಂಬ ನಾಚಿಕೆ ದೊಡ್ಡದು. ಹಣ ಕೊಟ್ಟರೆ ಅವರು ಮುಟ್ಟಲಿಲ್ಲ" ಎಂದರು. ವಾಚಕರೇ, ಕಾಯಕವನ್ನು ನಂಬಿದವರೆಲ್ಲರೂ ಎಂದಾದರೊಂದು ದಿನ ಎದುರಿಸಬೇಕಾದ ಪ್ರಶ್ನೆಯಿದು. ತನ್ನ ಕೈಯಿಂದಲೇ ಆಗಬೇಕಾದುದೆಷ್ಟು, ಪರರ ಕೈಗೆ ಒಪ್ಪಿಸಬೇಕಾದುದೆಷ್ಟು?

ಮೊದಲು ಸೈಕಲ್ಲಿನ ಮಾತು. ಜಾಲಿಮುಳ್ಳು ಚುಚ್ಚಿ ಗಾಳಿ ಇಳಿದಾಗ ಬಲ್ಲವನು ಟೈರು ಬಿಚ್ಚಿ, ಟ್ಯೂಬಿಗೆ ಗಾಳಿ ತುಂಬಿ, ನೀರಿನಲ್ಲಿ ಅದ್ದಿ, ಗುಳ್ಳೆ ಏಳುವ ಜಾಗವನ್ನು ಗುರುತಿಸುತ್ತಾನೆ. ಉಜ್ಜುಕಾಗದದಿಂದ ತಿಕ್ಕಿ ಸಲ್ಯೂಷನ್ ಹಚ್ಚಿದ ಕೂಡಲೇ ತೇಪೆ ಒತ್ತುವುದಿಲ್ಲ. ಅದು ಆರುವವರೆಗೆ ಸುಮ್ಮನೆ ಕುಳಿತಿರುತ್ತಾನೆ. ಆ ಹೊತ್ತಿನಲ್ಲಿ ಟೈರಿನ ಒಳಮೈಯನ್ನು ಬೆರಳಿನಿಂದ ಸವರಿ ಮುಳ್ಳನ್ನು ಹುಡುಕುತ್ತಾನೆ. ಮುಳ್ಳು ಒಳಗೇ ಉಳಿದರೆ ಎಂಥ ತೇಪೆಯೂ ಹತ್ತು ಮಾರು ದಾಟದು. ಭಾರ ಹೊತ್ತ ಹಿಂದಿನ ಚಕ್ರದಲ್ಲಿ, ಅದರಲ್ಲಿಯೂ ಚೈನಿನ ಮಗ್ಗುಲಿನಲ್ಲಿ, ಕಡ್ಡಿ ಮುರಿಯುವುದು ಹೆಚ್ಚು. ಫ್ರೀವೀಲ್ ಬಿಚ್ಚದೆ ಅಲ್ಲಿ ಹೊಸ ಕಡ್ಡಿ ಕೂಡಿಸುವುದು ಕಷ್ಟ. ಇವೆಲ್ಲವನ್ನೂ ಕಲಿತು ಹೊರಡುವುದು ಯಾತ್ರಿಕನ ಧರ್ಮ. ಕಲಿಯದೆ ಹೊರಟು, ದಾರಿಯಲ್ಲಿ ಕಂಡವರ ಮುಂದೆ ಕೈ ಚಾಚುವುದನ್ನು ನಾವು ಒಪ್ಪುವುದಿಲ್ಲ. ಈ ವಿಷಯದಲ್ಲಿ ನಮ್ಮ ಉಪಾಧ್ಯಾಯರ ನಿಯಮ ಸರಿಯಾದುದೇ.

ತಪ್ಪಿದುದು, ಅದೇ ನಿಯಮವನ್ನು ಕಾಯಕ್ಕೂ ಅನ್ವಯಿಸಿದಲ್ಲಿ. ಸೈಕಲ್ಲನ್ನು ಮರದ ನೆರಳಿಗೆ ಒರಗಿಸಿ ಒಂದು ವಾರ ಬಿಟ್ಟರೂ ಮುರಿದ ಕಡ್ಡಿ ಕೂಡಿಕೊಳ್ಳುವುದಿಲ್ಲ. ಅಲ್ಲಿ ಕೈ ಆಡಲೇಬೇಕು. ಕಾಯದ ದುರಸ್ತಿಯ ಬಹುಭಾಗ ನಾವು ಕೈ ಕಟ್ಟಿ ಮಲಗಿದಾಗ ತಾನಾಗಿಯೇ ನಡೆಯುತ್ತದೆ. ಔಷಧವೂ ಅದಕ್ಕೆ ನೆರವಷ್ಟೆ. ಭೇದಿಯಾದವನಿಗೆ ಮೊದಲು ಬೇಕಾದುದು ನೀರು, ಉಪ್ಪು, ಸಕ್ಕರೆ. 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಸಾಲದೆ ಹೋದಾಗ, ಡಾ. ದಿಲೀಪ್ ಮಹಲನಬೀಸ್ ಅವರು ಇಂಥದೇ ಉಪ್ಪು ಸಕ್ಕರೆಯ ನೀರನ್ನು ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ಆದರೆ ಕುಡಿಸುವ ಕೈ ಇರಬೇಕು, ಕುಡಿಯುವವನು ನಿಂತಿರಬೇಕು. ಜ್ವರವಿರುವಾಗ ಮೈಮುರಿದು ದಣಿದರೆ ಕೆಲವೊಮ್ಮೆ ಹೃದಯದ ಸ್ನಾಯುವಿಗೇ ಅಪಾಯವುಂಟೆಂದು ವೈದ್ಯರು ಎಚ್ಚರಿಸುತ್ತಾರೆ. ಇಷ್ಟಲಿಂಗವನ್ನು ಧರಿಸುವ ಈ ಅಂಗವನ್ನು ಬಾಡಿಗೆ ಬಂಡಿಯಂತೆ ಓಡಿಸುವುದು ಶೌರ್ಯವಲ್ಲ, ಅನಾದರ. ನಾವು ಅವರನ್ನು ಗದರಿಸಿದ್ದು ಇದೊಂದಕ್ಕೇ.

ನಿಲ್ಲುವುದನ್ನು ಸೋಲೆಂದು ಭಾವಿಸುವವರಿಗೆ ನಾವು ಐರ್ಲೆಂಡಿನ ಡರ್ವ್ಲಾ ಮರ್ಫಿ ಅವರ ಜೀವನವನ್ನು ನೆನಪಿಸುತ್ತೇವೆ. 1973-74ರಲ್ಲಿ ಐದು ವರ್ಷದ ಮಗಳೊಡನೆ ನಮ್ಮ ಕೊಡಗಿನಲ್ಲಿ ತಂಗಿ ಗ್ರಂಥ ಬರೆದವರಾದುದರಿಂದ ಕೆಲವರಿಗೆ ಅವರ ಹೆಸರು ಪರಿಚಿತವಿರಬಹುದು. ಹತ್ತನೆಯ ಹುಟ್ಟುಹಬ್ಬಕ್ಕೆ ಒಂದು ಹಳೆಯ ಸೈಕಲ್ಲೂ ಒಂದು ಭೂಪಟದ ಪುಸ್ತಕವೂ ಕೈಸೇರಿದಾಗಲೇ ಅವರು ಭಾರತಕ್ಕೆ ಸೈಕಲ್ಲಿನಲ್ಲಿ ಬರಬೇಕೆಂದು ನಿಶ್ಚಯಿಸಿದರು. ಹೊರಟದ್ದು 1963ರ ಜನವರಿಯಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ. ಏಷ್ಯದ ಒರಟು ದಾರಿಗಳಲ್ಲಿ ನಾಜೂಕಾದ ಗೇರು ಬಾಳದೆಂದು ಅದನ್ನು ಕಳಚಿಸಿದರು. ಬಿಡಿ ಟೈರುಗಳನ್ನು ದಾರಿಯ ಊರುಗಳಿಗೆ ಮುಂಚಿತವಾಗಿ ಕಳುಹಿಸಿದರು. ಆದರೂ ಆಫ್ಘಾನಿಸ್ತಾನದ ಬಸ್ಸೊಂದರಲ್ಲಿ ಬಂದೂಕಿನ ಹಿಡಿ ಬಡಿದು ಮೂರು ಪಕ್ಕೆಲುಬು ಮುರಿದವು. ಅದಕ್ಕೆ ಬಿಡಿಭಾಗವನ್ನು ಎಲ್ಲಿಗೆ ಕಳುಹಿಸಿರಲು ಸಾಧ್ಯ? ಆರು ತಿಂಗಳಿನಲ್ಲಿ ದೆಹಲಿ ಮುಟ್ಟಿ, ಬಳಿಕ ಟಿಬೆಟ್ಟಿನ ನಿರಾಶ್ರಿತ ಮಕ್ಕಳ ಸೇವೆಗೆ ನಿಂತರು.

ಹತ್ತನೆಯ ವರ್ಷದ ಸಂಕಲ್ಪಕ್ಕೆ ಮೂವತ್ತೊಂದರವರೆಗೆ ತಡವೇಕೆ? ಸಂಧಿವಾತದಿಂದ ಕೈಕಾಲು ಆಡದ ತಾಯಿಯ ಆರೈಕೆಗಾಗಿ ಹದಿನಾಲ್ಕರಲ್ಲಿಯೇ ಅವರು ಶಾಲೆ ಬಿಟ್ಟಿದ್ದರು; ತಾಯಿ ತೀರಿಕೊಂಡದ್ದು 1962ರಲ್ಲಿ. ಜಗತ್ತು ಆ ಆರು ತಿಂಗಳ ಸವಾರಿಯನ್ನು ಕೊಂಡಾಡಿತು. ನಮಗೆ ಹಾಸಿಗೆಯ ಪಕ್ಕದಲ್ಲಿ ನಿಂತ ಆ ವರ್ಷಗಳು ಹೆಚ್ಚು ದೂರದ ಪ್ರಯಾಣವಾಗಿ ಕಾಣುತ್ತವೆ.

ಇದನ್ನು ಹೇಳುವಾಗ ನಮ್ಮ ಕಣ್ಣು ಮೂಲೆಯಲ್ಲಿ ಕುಳಿತಿದ್ದ ಎರಡನೆಯ ಉಪಾಧ್ಯಾಯರ ಮೇಲೆ ಬಿತ್ತು. ಅವರ ಮೈಗೆ ಏನೂ ಆಗಿರಲಿಲ್ಲ, ಬಂಡಿಯೂ ಸರಿಯಿತ್ತು. ಮನಸ್ಸು ಮಾಡಿದ್ದರೆ ಜಯಂತಿಗೆ ಕಲ್ಯಾಣದಲ್ಲಿರಬಹುದಿತ್ತು. ನಾಲ್ಕು ದಿನ ಗೆಳೆಯನ ವಾಂತಿ ಬಳಿದರು. ಅವರು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ಇನ್ನು ಋಣದ ನಾಚಿಕೆ. ದಾಸೋಹವೆಂದರೆ ನೀಡುವುದೆಂದೇ ನಾವು ಉಪದೇಶಿಸುತ್ತೇವೆ. ಪಡೆಯುವವನಿಲ್ಲದೆ ಅದು ನಡೆಯುವುದು ಹೇಗೆ? ಕೊಡುವವನ ಸ್ಥಾನದಲ್ಲಿ ಮಾತ್ರ ಕುಳಿತುಕೊಳ್ಳಬಯಸುವವನಲ್ಲಿ ಸೂಕ್ಷ್ಮವಾದ ಅಹಂಕಾರವಿದೆ. ಕಾವಿ ಧರಿಸಿದ ನಮ್ಮಂಥವರಿಗೆ ಭಕ್ತರ ಮನೆಯಲ್ಲಿ ಪಡೆದು ಪಡೆದು ಅದು ರೂಢಿಯಾಗಿಬಿಟ್ಟಿದೆ. ಪಡೆಯುವುದಕ್ಕೂ ಒಂದು ಶಿಸ್ತುಂಟೆಂಬುದನ್ನು ನಾವೇ ಮರೆತಿದ್ದೇವೆ. ಆಯ್ದಕ್ಕಿ ಲಕ್ಕಮ್ಮನವರು, ಪತಿ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಿರುಗಿಸಿ ಬರಹೇಳಿದರೆಂಬ ಕಥೆ ನಿಮಗೆ ಗೊತ್ತು. ಅಕ್ಕಿಯನ್ನೇ ಮುಟ್ಟಬೇಡಿರೆಂದು ಆ ತಾಯಿ ಹೇಳಲಿಲ್ಲ. ನಮ್ಮ ಉಪಾಧ್ಯಾಯರು ಎದ್ದು ನಡೆಯಲು ಶಕ್ತಿ ಬಂದ ದಿನವೇ ಆ ಮನೆಯಿಂದ ಹೊರಟರು. ಐದನೆಯ ದಿನ ಉಳಿಯಲಿಲ್ಲ. ವ್ರತ ಕೆಟ್ಟಿಲ್ಲವೆಂದು ನಾವು ಹೇಳಿದುದು ಆ ಕಾರಣಕ್ಕೆ.

ಮುಂದಿನ ಚಳಿಗಾಲದಲ್ಲಿ ಆ ಹೊಲದ ಮನೆಯಿಂದಲೇ ಮತ್ತೆ ಹೊರಡುತ್ತಾರಂತೆ. ಅವರಿಗೆ ಏನು ಒಯ್ಯಲಿ ಎಂದು ಕೇಳಿದರು. ಆ ರೈತನ ಮಗ ಶಾಲೆಗೆ ಹೋಗುವ ಸೈಕಲ್ಲಿನ ಹಿಂದಿನ ಚಕ್ರ ಓಲಾಡುತ್ತಿತ್ತೆಂದು ಮಾತಿನ ನಡುವೆ ಅವರೇ ಹೇಳಿದ್ದರು. ಆರು ಕಡ್ಡಿಗಳನ್ನೂ ಬಿಗಿಯುವ ಕೀಲಿಯನ್ನೂ ಒಯ್ಯಿರಿ, ಊಟಕ್ಕೆ ಕರೆದರೆ ಬೇಡವೆನ್ನಬೇಡಿರಿ ಎಂದೆವು.